‘ಫೇರ್’ ಎಂಬ ಪದವೂ ಅದರ ನ್ಯಾಯಾನ್ಯಾಯವೂ

ಅನ್ಯಭಾಷೆಯನ್ನು ಕಲಿಯುವವನಿಗೆ ದೊಡ್ಡ ಪದಗಳಿಂದ ಒದಗುವ ಅಪಾಯ ಕಡಿಮೆ. ನಾಲಗೆಗೆ ಒಗ್ಗದ ಪದವೊಂದು ಎದುರಾದೊಡನೆ ಅವನು ಎಚ್ಚರಗೊಳ್ಳುತ್ತಾನೆ; ನಿಘಂಟನ್ನು ತೆರೆಯುತ್ತಾನೆ, ಇಲ್ಲವೇ ಬಲ್ಲವರನ್ನು ಕೇಳುತ್ತಾನೆ. ಅಪಾಯವಿರುವುದು ಸಣ್ಣ ಪದಗಳಲ್ಲಿ. ಅವು ಬಹುಕಾಲದ ಪರಿಚಿತರಂತೆ ಬರುತ್ತವೆ. ನಾವೂ ಅವುಗಳ ಕುಲಗೋತ್ರವನ್ನು ವಿಚಾರಿಸದೆಯೇ ಒಳಗೆ ಬಿಟ್ಟುಕೊಳ್ಳುತ್ತೇವೆ. ಅಂಥ ಪದಗಳಲ್ಲಿ ಇಂಗ್ಲಿಷಿನ ‘ಫೇರ್’ ಎಂಬ ವಿಶೇಷಣವು ಮುಖ್ಯವಾದುದು.

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿದ ನಮ್ಮವರಿಗೆ ಈ ಪದ ಎದುರಾಗದ ದಿನ ವಿರಳ. ಕಚೇರಿಯ ಗುಮಾಸ್ತನು ಗೀಚಿ ತಿದ್ದಿದ ಕರಡನ್ನು ಮುಂದಿಟ್ಟುಕೊಂಡು ‘ಫೇರ್ ಕಾಪಿ’ ತೆಗೆಯುತ್ತಾನೆ. ಗೃಹಿಣಿಯು ಪಡಿತರ ಚೀಟಿ ಹಿಡಿದು ‘ಫೇರ್ ಪ್ರೈಸ್ ಶಾಪ್’ ಎಂಬ ಹಲಗೆಯ ಕೆಳಗೆ ಸರದಿಯಲ್ಲಿ ನಿಲ್ಲುತ್ತಾಳೆ. ಬಾಡಿಗೆಯ ಕರಾರುಪತ್ರದಲ್ಲಿ ‘ಫೇರ್ ವೇರ್ ಅಂಡ್ ಟೇರ್’ ಎಂಬ ಮಾತು ಇಣುಕುತ್ತದೆ. ಮಗಳಿಗೆ ವರನನ್ನು ಅರಸುವ ತಂದೆಯು ವಿವಾಹದ ಜಾಹೀರಾತುಗಳಲ್ಲಿ ಅದೇ ಪದವನ್ನು ಕಂಡು ನಿಟ್ಟುಸಿರು ಬಿಡುತ್ತಾನೆ. ಹೋಟೆಲಿನ ಕಾರ್ಮಿಕನು ಸಂಬಳದ ಮಾತು ಬಂದಾಗ ಸಂಘದ ಮುಂದಾಳುಗಳ ಬಾಯಿಂದ ‘ಫೇರ್ ವೇಜ್’ ಎಂಬುದನ್ನು ಕೇಳುತ್ತಾನೆ. ಪದವೇನೋ ಒಂದೇ, ಅರ್ಥ ಮಾತ್ರ ಒಂದಲ್ಲ. ಒಂದೆಡೆ ಅದು ಚೊಕ್ಕ, ಇನ್ನೊಂದೆಡೆ ಬಿಳುಪು, ಮತ್ತೊಂದೆಡೆ ಸಾಧಾರಣ, ಮಗದೊಂದೆಡೆ ನ್ಯಾಯ. ಎಲ್ಲಿ ಯಾವುದು ಎಂಬುದನ್ನು ತಿಳಿಯದೆ ಕಾಗದಕ್ಕೆ ಸಹಿ ಹಾಕುವವನಿಗೆ ನಷ್ಟ ತಪ್ಪಿದ್ದಲ್ಲ. ಆದುದರಿಂದ ಈ ಪದವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕ ಬಂಧುಗಳ ಮುಂದಿಡಲು ಬಯಸುತ್ತೇವೆ.

ಕಿವಿಗೆ ಒಂದೇ, ಮೂಲ ಬೇರೆ

ಕನ್ನಡ ಲಿಪಿಯಲ್ಲಿ ಬರೆದಾಗ ಒಂದೇ ಆಗಿ ತೋರುವ ಮೂರು ಪದಗಳನ್ನು ಮೊದಲು ಬೇರ್ಪಡಿಸಬೇಕು. ಬಸ್ಸಿನ, ರೈಲಿನ ಪ್ರಯಾಣದರಕ್ಕೆ ಹೇಳುವ ‘ಫೇರ್’ ಇಂಗ್ಲಿಷಿನ ಕಾಗುಣಿತದಲ್ಲಿಯೇ ಬೇರೆ. ಅದು ಹೋಗು, ಸಂಚರಿಸು ಎಂಬ ಅರ್ಥವುಳ್ಳ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಹುಟ್ಟಿದ್ದು. ನಿವೃತ್ತರಾಗುವವರಿಗೆ ಕಚೇರಿಯಲ್ಲಿ ಏರ್ಪಡಿಸುವ ‘ಫೇರ್‌ವೆಲ್’ ಸಮಾರಂಭದ ಹೆಸರಿನಲ್ಲಿ ಅಡಗಿರುವುದೂ ಅದೇ. ‘ಸುಖವಾಗಿ ಹೋಗಿ ಬನ್ನಿ’ ಎಂಬುದೇ ಅದರ ಭಾವ. ಎರಡನೆಯದು ಪುಸ್ತಕ ಮೇಳ, ವ್ಯಾಪಾರ ಮೇಳಗಳಿಗೆ ಹೇಳುವ ‘ಫೇರ್’. ಇದರ ಕಾಗುಣಿತ ನಮ್ಮ ವಿಶೇಷಣದ್ದೇ ಆದರೂ ಇದು ಲ್ಯಾಟಿನ್ ಭಾಷೆಯಲ್ಲಿ ಹಬ್ಬದ ದಿನವನ್ನು ಸೂಚಿಸುತ್ತಿದ್ದ ‘ಫೇರಿಯ’ ಎಂಬ ಪದದಿಂದ ಫ್ರೆಂಚಿನ ದಾರಿಯಾಗಿ ಬಂದ ಅತಿಥಿ. ಇವೆರಡನ್ನೂ ಬದಿಗಿರಿಸಿದರೆ ಉಳಿಯುವುದು ನಾವು ಇಲ್ಲಿ ವಿಚಾರಿಸಬೇಕಾದ ವಿಶೇಷಣ.

ಈ ವಿಶೇಷಣವು ಇಂಗ್ಲಿಷಿನ ಮನೆಯ ಮಗಳು. ಸಾವಿರ ವರ್ಷಕ್ಕೂ ಹಿಂದಿನ ಬರಹಗಳಲ್ಲಿ ‘ಫೇಯರ್’ ಎಂಬುದಕ್ಕೆ ಸಮೀಪವಾದ ರೂಪದಲ್ಲಿ ದೊರೆಯುತ್ತದೆ. ಆಗ ಅದಕ್ಕಿದ್ದ ಅರ್ಥ ನೋಡಲು ಚೆಲುವಾದುದು, ಹಿತವಾದುದು ಎಂದು. ಸುಂದರವಾದ ಮುಖ, ಸುಂದರವಾದ ಬಯಲು, ಮೋಡವಿಲ್ಲದ ಆಕಾಶ—ಇವೆಲ್ಲವೂ ಫೇರ್. ಅದಕ್ಕೆ ಎದುರಾಗಿ ನಿಂತ ಪದ ‘ಫೌಲ್’, ಎಂದರೆ ಹೊಲಸು, ಕೆಟ್ಟದ್ದು. ಹವಾಮಾನದಲ್ಲಿ ಇಂದಿಗೂ ಈ ಹಳೆಯ ಅರ್ಥ ಉಳಿದಿದೆ. ಹಳೆಯ ವಾಯುಭಾರಮಾಪಕಗಳ ಮುಖಫಲಕದ ಮೇಲೆ ಬಿರುಗಾಳಿ, ಮಳೆ, ಬದಲಾವಣೆ ಎಂಬುವುಗಳ ಸಾಲಿನಲ್ಲಿ ‘ಫೇರ್’ ಎಂದೂ ಬರೆದಿರುತ್ತದೆ. ಮುಳ್ಳು ಅಲ್ಲಿ ನಿಂತರೆ ಒಳ್ಳೆಯ ದಿನ. ಸುಖದ ದಿನಗಳಲ್ಲಿ ಮಾತ್ರ ಜತೆಗಿದ್ದು ಕಷ್ಟ ಬಂದಾಗ ಕಣ್ಮರೆಯಾಗುವವನನ್ನು ಇಂಗ್ಲಿಷರು ‘ಫೇರ್ ವೆದರ್ ಫ್ರೆಂಡ್’ ಎನ್ನುವುದು ಇದರಿಂದಲೇ. ಪರಸ್ಥಳದಲ್ಲಿ ಬಾಳುವ ನಮಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಚೆಲುವಿನಿಂದ ಚೊಕ್ಕತನಕ್ಕೆ ಒಂದೇ ಹೆಜ್ಜೆ. ಚಿತ್ತುಕಾಟುಗಳಿಲ್ಲದ ಬರಹವು ‘ಫೇರ್ ಕಾಪಿ’ ಎನಿಸಿತು. ನಮ್ಮ ಮಕ್ಕಳು ‘ರಫ್ ನೋಟ್‌ಬುಕ್’, ‘ಫೇರ್ ನೋಟ್‌ಬುಕ್’ ಎಂದು ಎರಡನ್ನು ಚೀಲದಲ್ಲಿ ಹೊತ್ತೊಯ್ಯುತ್ತಾರೆ. ಗುಮಾಸ್ತರಂತೂ ‘ಈ ಪತ್ರವನ್ನು ಫೇರ್ ಮಾಡಿ ಕೊಡಿ’ ಎಂದು ವಿಶೇಷಣವನ್ನೇ ಕನ್ನಡದ ಕ್ರಿಯಾಪದವನ್ನಾಗಿ ಮಾಡಿಬಿಟ್ಟಿದ್ದಾರೆ. ಇಲ್ಲಿಯವರೆಗೆ ಪದವು ನಿರುಪದ್ರವಿ.

ಹೊಗಳಿಕೆಯೋ, ಅಳತೆಯೋ?

ತೊಡಕು ಆರಂಭವಾಗುವುದು ಅದು ಅಳತೆಗೋಲಿನ ಕೆಲಸಕ್ಕೆ ನಿಂತಾಗ. ಉತ್ಕೃಷ್ಟ, ಬಹಳ ಉತ್ತಮ, ಉತ್ತಮ, ‘ಫೇರ್’, ಕಳಪೆ ಎಂಬ ಐದು ಮೆಟ್ಟಿಲುಗಳ ಏಣಿಯನ್ನು ಎಷ್ಟೋ ಕಚೇರಿ, ಶಾಲೆಗಳಲ್ಲಿ ಬಳಸುತ್ತಾರೆ. ಈ ಏಣಿಯಲ್ಲಿ ಫೇರ್ ಎಂಬುದು ಕೆಳಗಿನಿಂದ ಎರಡನೆಯ ಮೆಟ್ಟಿಲು. ಮೇಲಧಿಕಾರಿಯು ಕೆಲಸದ ವರದಿಯಲ್ಲಿ ಫೇರ್ ಎಂದು ಬರೆದನೆಂದು ಹಿಗ್ಗುವವನು ತನ್ನನ್ನು ಹೊಗಳಲಾಗಿದೆ ಎಂದು ಭಾವಿಸಬಾರದು. ‘ಪರವಾಗಿಲ್ಲ’ ಎಂಬುದಷ್ಟೇ ಅದರ ತಾತ್ಪರ್ಯ. ಅದರ ಕ್ರಿಯಾವಿಶೇಷಣವಾದ ‘ಫೇರ್ಲಿ’ ಇನ್ನೂ ಜಾರುವ ಜಾತಿಯದು. ‘ಫೇರ್ಲಿ ಗುಡ್’ ಎಂದರೆ ತಕ್ಕಮಟ್ಟಿಗೆ ಒಳ್ಳೆಯದು. ‘ಅವನನ್ನು ಫೇರ್ಲಿ ನಡೆಸಿಕೊಂಡರು’ ಎಂದರೆ ನ್ಯಾಯವಾಗಿ ನಡೆಸಿಕೊಂಡರು. ಮುಂದಿನ ಪದ ಗುಣವಾಚಕವಾದರೆ ಒಂದರ್ಥ, ಜತೆಗಿರುವುದು ಕ್ರಿಯಾಪದವಾದರೆ ಮತ್ತೊಂದು.

ನಮ್ಮ ರೈತರಿಗೂ ಈ ಅಳತೆ ಹೊಸದಲ್ಲ. ಸರಕಾರವು ಬೆಂಬಲ ಬೆಲೆಗೆ ರಾಗಿ, ಜೋಳ, ತೊಗರಿ ಕೊಳ್ಳುವಾಗ ಧಾನ್ಯವು ‘ಎಫ್.ಎ.ಕ್ಯೂ.’ ದರ್ಜೆಯದಾಗಿರಬೇಕೆಂಬ ನಿಬಂಧನೆಯುಂಟು. ಆ ಮೂರಕ್ಷರಗಳ ವಿಸ್ತಾರ ‘ಫೇರ್ ಆವರೇಜ್ ಕ್ವಾಲಿಟಿ’. ಸಾಧಾರಣವಾದ ಒಪ್ಪತಕ್ಕ ಗುಣಮಟ್ಟ ಎಂದರ್ಥ. ಊರಿನಲ್ಲಿರುವ ಅಣ್ಣತಮ್ಮಂದಿರ ಮೂಟೆಯನ್ನು ಖರೀದಿ ಕೇಂದ್ರದಲ್ಲಿ ಸ್ವೀಕರಿಸುವುದೂ ತಿರಸ್ಕರಿಸುವುದೂ ಈ ಮೂರಕ್ಷರಗಳನ್ನು ಅವಲಂಬಿಸಿದೆ.

ಬಾಡಿಗೆಯ ಕರಾರಿನಲ್ಲಿ ಬರುವ ‘ಫೇರ್ ವೇರ್ ಅಂಡ್ ಟೇರ್’ ಎಂಬುದರ ಅರ್ಥ ಸಹಜವಾದ ಸವೆತ ಎಂದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು ಇದೇ ಭಾವವನ್ನು ಹೇಳಿ, ಅಂಥ ಸವೆತಕ್ಕೆ ಭೋಗ್ಯದಾರನು ಹೊಣೆಯಲ್ಲವೆಂಬ ತತ್ವವನ್ನು ಅಂಗೀಕರಿಸಿದೆ. ಗೋಡೆಯ ಸುಣ್ಣ ಮಾಸಿತೆಂದು ಠೇವಣಿಯಲ್ಲಿ ಮುರಿದುಕೊಳ್ಳುವ ಮಾತು ಬಂದಾಗ ಬಾಡಿಗೆದಾರನ ಪರವಾಗಿ ನಿಲ್ಲುವುದು ಕರಾರಿನಲ್ಲಿರುವ ಈ ಸಣ್ಣ ವಿಶೇಷಣವೇ. ಬಾಡಿಗೆಯ ವಿಷಯದಲ್ಲಿಯೇ ಮತ್ತೊಂದು ಕೌತುಕವುಂಟು. ಮುಂಬಯಿಯ 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ‘ಸ್ಟ್ಯಾಂಡರ್ಡ್ ರೆಂಟ್’ ಎಂದು ಕರೆದುದನ್ನು ಮದರಾಸಿನ 1960ರ ಕಾಯಿದೆಯು ‘ಫೇರ್ ರೆಂಟ್’ ಎಂದು ಕರೆಯಿತು. ಒಂದೂರಿನಲ್ಲಿ ಪ್ರಮಾಣ, ಇನ್ನೊಂದೂರಿನಲ್ಲಿ ನ್ಯಾಯ. ಬಾಡಿಗೆದಾರನಿಗೆ ಬೇಕಾದುದು ಎರಡೂ.

ಬಣ್ಣದ ಅರ್ಥ

ಇನ್ನು ಮನಸ್ಸಿಗೆ ನೋವುಂಟುಮಾಡುವ ಅರ್ಥಕ್ಕೆ ಬರೋಣ. ಚೆಲುವು ಎಂದಿದ್ದ ಪದಕ್ಕೆ ತಿಳಿಬಣ್ಣದ ಕೂದಲು, ತಿಳಿಬಣ್ಣದ ಮೈ ಎಂಬ ಅರ್ಥವೂ ಕಾಲಕ್ರಮದಲ್ಲಿ ಅಂಟಿಕೊಂಡಿತು. ಆ ದೇಶದ ಜನ ತಾವು ಮೆಚ್ಚಿದ ಬಣ್ಣವನ್ನೇ ಚೆಲುವಿಗೆ ಹೆಸರಾಗಿ ಇಟ್ಟುಕೊಂಡರು. ಈ ಬೆಸುಗೆ ಸರಿಯೇ ಎಂಬ ಸಂದೇಹ ಅವರಲ್ಲಿಯೂ ಹುಟ್ಟದೆ ಇರಲಿಲ್ಲ. 1609ರಲ್ಲಿ ಅಚ್ಚಾದ ಷೇಕ್ಸ್‌ಪಿಯರ್ ಕವಿಯ ಸುನೀತಗಳಲ್ಲಿ ಕಪ್ಪು ಕಣ್ಣಿನ, ಕಪ್ಪು ಕೂದಲಿನ ಒಬ್ಬ ಸ್ತ್ರೀಯ ವರ್ಣನೆಯಿದೆ. ಅಲ್ಲಿ ಕವಿಯು ಚೆಲುವು ಮತ್ತು ಬಿಳುಪು ಎಂಬ ಈ ಪದದ ಎರಡು ಅರ್ಥಗಳನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸಿದ್ದಾನೆ.

ಇಂಗ್ಲಿಷರು ಬಂದು ಹೋದ ನಮ್ಮ ದೇಶದಲ್ಲಿ ಪದದ ಈ ಅರ್ಥ ಮಾತ್ರ ಬಹಳ ಆಳವಾಗಿ ಬೇರುಬಿಟ್ಟಿತು. ವಿವಾಹದ ಜಾಹೀರಾತುಗಳಲ್ಲಿ ವಧುವಿನ ವಿದ್ಯೆ, ಗುಣಗಳಿಗಿಂತ ಮೊದಲು ಈ ಪದ ಬಂದು ಕುಳಿತುದನ್ನು ನಾವೆಲ್ಲ ಕಂಡಿದ್ದೇವೆ. 1975ರಲ್ಲಿ ಹಿಂದೂಸ್ತಾನ್ ಲಿವರ್ ಕಂಪೆನಿಯು ಮಾರುಕಟ್ಟೆಗೆ ತಂದ ಮುಖಲೇಪನದ ಹೆಸರೇ ‘ಫೇರ್ ಅಂಡ್ ಲವ್ಲಿ’. ಬಿಳುಪು ಮತ್ತು ಚೆಲುವು ಎಂಬೆರಡನ್ನೂ ಒಂದೇ ಕೊಳವೆಯಲ್ಲಿ ತುಂಬಿ ಮಾರಿದ ಹೆಸರದು. ಇದಕ್ಕೆ ಪ್ರತಿಯಾಗಿ 2009ರಲ್ಲಿ ಚೆನ್ನೈ ನಗರದಿಂದ ‘ಡಾರ್ಕ್ ಈಸ್ ಬ್ಯೂಟಿಫುಲ್’ ಎಂಬ ಆಂದೋಲನ ಹೊರಟಿತು. 2014ರಲ್ಲಿ ಜಾಹೀರಾತು ಗುಣಮಟ್ಟದ ಮಂಡಲಿಯು, ಕಪ್ಪು ಮೈಯವರನ್ನು ಅಸುಖಿಗಳೆಂದೋ ಅನರ್ಹರೆಂದೋ ಚಿತ್ರಿಸುವ ಜಾಹೀರಾತುಗಳು ಕೂಡದೆಂದು ಸೂತ್ರಗಳನ್ನು ವಿಧಿಸಿತು. ಕೊನೆಗೆ 2020ರಲ್ಲಿ ಆ ಲೇಪನದ ಹೆಸರಿನಿಂದ ‘ಫೇರ್’ ಎಂಬ ಪದ ಕಳಚಿಬಿದ್ದು ‘ಗ್ಲೋ’ ಎಂಬುದು ಬಂದಿತು. ಅದೇ ವರ್ಷ ಒಂದು ಪ್ರಸಿದ್ಧ ವಿವಾಹ ಜಾಲತಾಣವೂ ಮೈಬಣ್ಣದಿಂದ ವಧೂವರರನ್ನು ಆರಿಸುವ ಸೌಕರ್ಯವನ್ನು ತೆಗೆದುಹಾಕಿತು.

ಹಲಗೆಯ ಮೇಲಿನ ಹೆಸರು ಅಳಿಸಿದ ಮಾತ್ರಕ್ಕೆ ಮನಸ್ಸಿನ ಮೇಲಿನ ಹೆಸರು ಅಳಿಸಿತೆಂದು ನಾವು ಹೇಳಲಾರೆವು. ಆದರೆ ಯೋಚಿಸಿ ನೋಡಬೇಕಾದ ಸಂಗತಿಯೊಂದಿದೆ. ಕೃಷ್ಣ ಎಂಬ ಹೆಸರಿಗೆ ಕಪ್ಪು ಎಂದೇ ಅರ್ಥ. ದ್ರೌಪದಿಗೂ ಕೃಷ್ಣೆಯೆಂಬ ಹೆಸರುಂಟು. ನಮ್ಮ ಉತ್ತರದ ಜಿಲ್ಲೆಗಳನ್ನು ಪೋಷಿಸುವ ಮಹಾನದಿಯ ಹೆಸರೂ ಅದೇ. ಕರ್ನಾಟಕವೆಂಬ ಹೆಸರನ್ನೇ ಕಪ್ಪು ಮಣ್ಣಿನ ನಾಡೆಂದು ಬಿಡಿಸಿ ಹೇಳುವ ವಿದ್ವಾಂಸರಿದ್ದಾರೆ. ಎರೆಭೂಮಿಯ ಕಪ್ಪನ್ನು ಕಣ್ಣಿಗೊತ್ತಿಕೊಂಡು ಜೋಳ ಬೆಳೆದ ಜನ ಮಗಳ ಮೈಯ ಕಪ್ಪಿಗೆ ತಲೆ ತಗ್ಗಿಸುವುದು ವಿಪರ್ಯಾಸವಲ್ಲವೇ? ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ವ್ಯರ್ಥವಾಗಬಾರದು.

ನ್ಯಾಯದ ಅರ್ಥ

ಚೆಲುವಾದುದು ಎಂಬ ಮೂಲಾರ್ಥದಿಂದಲೇ ಇನ್ನೊಂದು ಕವಲೂ ಒಡೆಯಿತು. ನೋಡಲು ಹಿತವಾದುದು ಎಂಬುದು ನಡತೆಗೆ ಅನ್ವಯಿಸಿ, ಪಕ್ಷಪಾತವಿಲ್ಲದುದು, ಯಾರಿಗೂ ಮೋಸವಿಲ್ಲದುದು ಎಂದಾಯಿತು. ಈ ಅರ್ಥವನ್ನು ಕನ್ನಡವು ಬಹು ವಿವೇಕದಿಂದ ಸ್ವೀಕರಿಸಿದೆ. ‘ಫೇರ್ ಪ್ರೈಸ್ ಶಾಪ್’ ಎಂಬುದನ್ನು ನಾವು ಚೆಂದದ ಬೆಲೆಯ ಅಂಗಡಿ ಎನ್ನಲಿಲ್ಲ, ಸಾಧಾರಣ ಬೆಲೆಯ ಅಂಗಡಿ ಎನ್ನಲಿಲ್ಲ. ‘ನ್ಯಾಯಬೆಲೆ ಅಂಗಡಿ’ ಎಂದೆವು. 2023ರ ಜನವರಿಯಿಂದ ಆಹಾರ ಭದ್ರತಾ ಕಾಯಿದೆಯ ಫಲಾನುಭವಿಗಳಿಗೆ ಕೇಂದ್ರದ ಪಾಲಿನ ಧಾನ್ಯವು ಬೆಲೆಯಿಲ್ಲದೆಯೇ ದೊರೆಯತೊಡಗಿತು. ಬೆಲೆ ಹೋದರೂ ಅಂಗಡಿಯ ಹೆಸರಿನಲ್ಲಿ ನ್ಯಾಯ ಉಳಿದಿದೆ. 2019ರಲ್ಲಿ ಆರಂಭವಾಗಿ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿದ ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ಯೋಜನೆಯಿಂದಾಗಿ ಊರಿನ ಚೀಟಿಯ ಮೇಲೆ ಪರಸ್ಥಳದ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ಪಡೆಯುವ ಹಕ್ಕು ನಮ್ಮ ಕಾರ್ಮಿಕನಿಗೆ ಲಭಿಸಿದೆ. ಇದನ್ನು ಅರಿಯದವರಿಗೆ ಅರಿತವರು ತಿಳಿಸಬೇಕು.

ಇನ್ನು ಸಂಬಳದ ಮಾತು. ‘ಫೇರ್ ವೇಜ್’ ಎಂಬುದು ಭಾಷಣದ ಅಲಂಕಾರವೆಂದು ಭಾವಿಸುವವರುಂಟು. ಹಾಗಲ್ಲ. 1948ರಲ್ಲಿ ಭಾರತ ಸರಕಾರವು ಮಾಲಿಕರು, ಕಾರ್ಮಿಕರು, ಸರಕಾರ ಈ ಮೂವರ ಪ್ರತಿನಿಧಿಗಳುಳ್ಳ ಒಂದು ಸಮಿತಿಯನ್ನು ನೇಮಿಸಿತು. ಆ ಸಮಿತಿಯು ವೇತನವನ್ನು ಮೂರು ಮಜಲುಗಳಾಗಿ ವಿಂಗಡಿಸಿತು. ಕೆಳಗಿನದು ಕನಿಷ್ಠ ವೇತನ. ಮೇಲಿನದು, ಮನುಷ್ಯನು ಮರ್ಯಾದೆಯಿಂದ ಬಾಳಲು ಸಾಕಾಗುವ ಜೀವನ ವೇತನ. ಇವೆರಡರ ನಡುವಿನದು ನ್ಯಾಯವೇತನ. ನ್ಯಾಯವೇತನವು ಕನಿಷ್ಠ ವೇತನಕ್ಕಿಂತ ಕೆಳಗಿಳಿಯಬಾರದು. ಎಷ್ಟು ಮೇಲೇರಬಹುದೆಂಬುದು ಆಯಾ ಉದ್ಯಮದ ತೆರುವ ಶಕ್ತಿಯನ್ನು ಅವಲಂಬಿಸಿದ್ದು. ಸಂವಿಧಾನದ 43ನೆಯ ಅನುಚ್ಛೇದವು ಜೀವನ ವೇತನವನ್ನೇ ರಾಜ್ಯದ ಗುರಿಯೆಂದು ಸಾರಿದೆ. ಆದರೆ 1948ರಲ್ಲಿ ಕನಿಷ್ಠ ವೇತನವು ಕಾಯಿದೆಯಾಯಿತು. 1950ರಲ್ಲಿ ಮಂಡಿತವಾದ ನ್ಯಾಯವೇತನದ ಮಸೂದೆಯು ಕಾಯಿದೆಯಾಗದೆ ಬಿದ್ದುಹೋಯಿತು. ಈ ಒಂದು ಸಂಗತಿಯಲ್ಲಿ ನಮ್ಮ ದುಡಿಮೆಗಾರರ ಚರಿತ್ರೆಯ ದೊಡ್ಡ ಭಾಗ ಅಡಗಿದೆ.

ಕನಿಷ್ಠವೆಂದರೆ ಎಷ್ಟು ಎಂಬುದನ್ನು 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಲೆಕ್ಕ ಹಾಕಿ ತೋರಿಸಿತು. ದುಡಿಯುವವನೊಬ್ಬನ ಕುಟುಂಬವನ್ನು ಮೂರು ಬಳಕೆಯ ಘಟಕಗಳೆಂದು ಎಣಿಸಿ, ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ ಆಹಾರ, ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ, ಉರುವಲು, ದೀಪ ಮುಂತಾದವುಗಳಿಗೆ ಒಟ್ಟು ವೇತನದ ನೂರಕ್ಕೆ 20ರಷ್ಟು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಶಿಕ್ಷಣ, ಔಷಧೋಪಚಾರ, ಹಬ್ಬಹರಿದಿನ, ಮುಪ್ಪು, ಮದುವೆ ಮುಂತಾದ ಖರ್ಚುಗಳಿಗಾಗಿ ನೂರಕ್ಕೆ 25ರಷ್ಟನ್ನು ಇದಕ್ಕೆ ಸೇರಿಸಬೇಕೆಂದಿತು. ನೆನಪಿಡಬೇಕಾದುದೇನೆಂದರೆ, ಇಷ್ಟೆಲ್ಲ ಸೇರಿದರೂ ಅದು ಕನಿಷ್ಠ ವೇತನವೇ. ನ್ಯಾಯವೇತನದ ಹೊಸ್ತಿಲು ಮಾತ್ರ. ಆದುದರಿಂದ ‘ನಾವು ಫೇರ್ ಸಂಬಳ ಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ, ಅದು ಕನಿಷ್ಠಕ್ಕಿಂತ ಮೇಲಿನದೋ, ಅಥವಾ ‘ಪರವಾಗಿಲ್ಲ’ ಎಂಬ ಸಾಧಾರಣಾರ್ಥದ ಫೇರೋ ಎಂದು ವಿನಯದಿಂದ ಕೇಳುವುದು ತಪ್ಪಲ್ಲ.

ಊರಿನಲ್ಲಿ ತುಂಡು ಜಮೀನು ಇಟ್ಟುಕೊಂಡವರು ಗಮನಿಸಬೇಕಾದ ಪ್ರಯೋಗವೊಂದುಂಟು. 1894ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2013ರ ಭೂಸ್ವಾಧೀನ ಕಾಯಿದೆಯ ಹೆಸರಿನ ಮೊದಲಿಗೇ ‘ಫೇರ್’ ಪರಿಹಾರದ ಹಕ್ಕು ಎಂಬ ಮಾತಿದೆ. ಅಲ್ಲಿ ಆ ಪದ ಬರಿಯ ಹಾರೈಕೆಯಲ್ಲ. ನಗರ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆಯ ಎರಡರಷ್ಟು, ಗ್ರಾಮಾಂತರದಲ್ಲಿ ಎರಡರಿಂದ ನಾಲ್ಕರಷ್ಟರ ವರೆಗೆ ಎಂಬ ಲೆಕ್ಕವನ್ನು ಬೆನ್ನಿಗಿಟ್ಟುಕೊಂಡಿದೆ. ವಿಶೇಷಣಕ್ಕೆ ಅಂಕೆಯ ಬೆಂಬಲ ದೊರೆತಾಗಲೇ ಅದಕ್ಕೆ ತೂಕ.

ಅನ್ಯಾಯವನ್ನು ಹೆಸರಿಸುವುದು ಸುಲಭ

ಈ ಪದದ ಚರಿತ್ರೆಯಲ್ಲಿ ನಮಗೆ ಅತ್ಯಂತ ಉಪಯುಕ್ತವಾಗಿ ತೋರಿದ ಅಂಶವನ್ನು ಕೊನೆಗೆ ಹೇಳುತ್ತೇವೆ. ಫೇರ್ ಎಂದರೇನೆಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಅದರ ವಿರುದ್ಧವಾದ ‘ಅನ್‌ಫೇರ್’ ಏನೆಂದು ಪಟ್ಟಿ ಮಾಡುವುದು ಅಷ್ಟು ಕಷ್ಟವಲ್ಲ. ಕ್ರಿಕೆಟ್ ಆಟದ ನಿಯಮಾವಳಿಯನ್ನೇ ನೋಡಬಹುದು. 2017ರ ಸಂಹಿತೆಯ 41ನೆಯ ನಿಯಮದ ಹೆಸರು ‘ಅನ್‌ಫೇರ್ ಪ್ಲೇ’. ಚೆಂಡನ್ನು ಕೆರೆದು ಕೆಡಿಸುವುದು, ವೇಳೆಯನ್ನು ಕೊಲ್ಲುವುದು, ಪಿಚ್ಚನ್ನು ಹಾಳುಮಾಡುವುದು ಎಂದು ಅಲ್ಲಿ ಒಂದೊಂದಾಗಿ ಎಣಿಸಿದ್ದಾರೆ. ಕಾಲ್ಚೆಂಡಿನಲ್ಲಿಯೂ ಹಾಗೆಯೇ. 2018ರ ವಿಶ್ವಕಪ್ಪಿನಲ್ಲಿ ಜಪಾನ್ ಮತ್ತು ಸೆನೆಗಲ್ ತಂಡಗಳು ಅಂಕಗಳಲ್ಲಿ, ಗೋಲುಗಳಲ್ಲಿ, ಪರಸ್ಪರ ಪಂದ್ಯದಲ್ಲಿ ಸರಿಸಮನಾದಾಗ ‘ಫೇರ್ ಪ್ಲೇ’ ಗಣನೆಯಿಂದ ಜಪಾನ್ ಮುಂದಿನ ಸುತ್ತಿಗೆ ಹೋಯಿತು. ಎಣಿಸಿದ್ದು ಯಾರ ಸದ್ಗುಣವನ್ನೂ ಅಲ್ಲ, ಹಳದಿ ಚೀಟಿಗಳನ್ನು: ಜಪಾನಿಗೆ ನಾಲ್ಕು, ಸೆನೆಗಲಿಗೆ ಆರು.

ದುಡಿಯುವವರ ಕಾಯಿದೆಯೂ ಇದೇ ಹಾದಿಯನ್ನು ಹಿಡಿಯಿತು. ಮಹಾರಾಷ್ಟ್ರದ 1971ರ ಕಾಯಿದೆಯೊಂದು ‘ಅನ್‌ಫೇರ್ ಲೇಬರ್ ಪ್ರಾಕ್ಟಿಸ್’ ಎಂದರೆ ಏನೇನು ಎಂಬುದನ್ನು ಅನುಸೂಚಿಗಳಲ್ಲಿ ಪಟ್ಟಿ ಮಾಡಿತು. ಕಾರ್ಮಿಕನನ್ನು ಬದಲಿಯವನೆಂದೋ ಹಂಗಾಮಿಯೆಂದೋ ನೇಮಿಸಿಕೊಂಡು, ಖಾಯಂ ನೌಕರನ ಸ್ಥಾನಮಾನ ದೊರೆಯಬಾರದೆಂಬ ಉದ್ದೇಶದಿಂದ ವರ್ಷಾನುವರ್ಷ ಹಾಗೆಯೇ ಇಟ್ಟಿರುವುದು ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿದೆ. 1982ರ ತಿದ್ದುಪಡಿಯಿಂದ ಅಂಥದೇ ಪಟ್ಟಿಯು ಕೇಂದ್ರದ ಕೈಗಾರಿಕಾ ವಿವಾದಗಳ ಕಾಯಿದೆಗೂ ಬಂದಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅದು ಮುಂದುವರಿಯಿತು. ಹತ್ತು ವರ್ಷ ಮಾಣಿಯಾಗಿ, ಅಡಿಗೆಭಟ್ಟನ ಕೈಯಾಳಾಗಿ ದುಡಿದರೂ ಹಾಜರಿ ಪುಸ್ತಕದಲ್ಲಿ ‘ಬದಲಿ’ ಎಂದೇ ಉಳಿದಿರುವ ನಮ್ಮ ಎಷ್ಟೋ ತಮ್ಮಂದಿರಿಗೆ, ತಮ್ಮ ಸ್ಥಿತಿಗೆ ಕಾನೂನಿನಲ್ಲಿ ಒಂದು ಹೆಸರಿದೆ ಎಂಬುದೇ ತಿಳಿದಿರುವುದಿಲ್ಲ. ಹೆಸರು ತಿಳಿಯದ ರೋಗಕ್ಕೆ ಮದ್ದು ಕೇಳುವುದಾದರೂ ಹೇಗೆ?

ಕನ್ನಡದ ನುಡಿಗಟ್ಟೂ ಇದೇ ಸತ್ಯವನ್ನು ಸಾರುತ್ತದೆ. ನ್ಯಾಯ ಎಂದರೇನೆಂದು ಕೇಳಿದರೆ ಪಂಡಿತನೂ ತಡವರಿಸುತ್ತಾನೆ. ತಕ್ಕಡಿಯಲ್ಲಿ ಕಡಮೆ ತೂಗಿದೊಡನೆ ‘ಅನ್ಯಾಯ!’ ಎಂಬ ಕೂಗು ಮಗುವಿನ ಬಾಯಿಂದಲೂ ಹೊರಡುತ್ತದೆ.

ಹಾಗಾದರೆ ಈ ಪದ ಎದುರಾದಾಗ ಮಾಡತಕ್ಕದ್ದೇನು? ಅದನ್ನು ಕನ್ನಡಕ್ಕೆ ತಿರುಗಿಸಿ ನೋಡುವುದೇ ನಮಗೆ ತೋಚುವ ಉಪಾಯ. ಇಂಗ್ಲಿಷ್ ಒಂದೇ ಪದದಲ್ಲಿ ಕಟ್ಟಿಟ್ಟುದನ್ನು ನಮ್ಮ ನುಡಿಯು ನಾಲ್ಕಾಗಿ ಬಿಚ್ಚಿ ತೋರಿಸುತ್ತದೆ. ‘ಚೊಕ್ಕ’ ಎಂದಾದರೆ ಕೆಲಸ ಮುಗಿಸಿ ಮುಂದೆ ಸಾಗೋಣ. ‘ಸಾಧಾರಣ’ ಎಂದಾದರೆ ಹಿಗ್ಗದೆ ಎಚ್ಚರದಿಂದಿರೋಣ. ‘ಬೆಳ್ಳಗೆ’ ಎಂದಾದರೆ, ಮದುವೆಯ ಮಾತುಕತೆಯಲ್ಲಿ ಆ ಪದವನ್ನು ನಾವೂ ಬರೆಯದೆ, ಬರೆದವರಿಗೆ ಮಣಿಯದೆ ಇರೋಣ. ‘ನ್ಯಾಯ’ ಎಂದಾದರೆ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದು, ಅದರ ಹಿಂದಿರುವ ಅಂಕೆಯನ್ನೂ ಅವಧಿಯನ್ನೂ ಕಾಗದದ ಮೇಲೆ ಬರೆಯಿಸಿಕೊಳ್ಳೋಣ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ತಿದ್ದಿದ ಹಿರಿಯರ ಪರಂಪರೆ ಮುಂಬಯಿಯ ಕನ್ನಡಿಗರದು. ಅವರು ಆ ಭಾಷೆಯನ್ನು ಕಲಿತುದು ಸಹಿ ಹಾಕುವ ಮುನ್ನ ಓದಿ ತಿಳಿಯುವುದಕ್ಕಾಗಿ. ಆ ಕಲಿಕೆಯನ್ನು ಮುಂದುವರಿಸುವ ಹೊಣೆ ನಮ್ಮೆಲ್ಲರದು.